ಸಹಾಯ ಬೇಕು: ಪೀಣ್ಯದ ಕಾರು ಶೆಡ್‌ಗೆ ಬೆಂಕಿ ಸುರಕ್ಷತೆ

ಎಲ್ಲರಿಗೂ ನಮಸ್ಕಾರ. ನಮ್ಮ ಭಾವ ಪೀಣ್ಯದಲ್ಲಿ ಟಿಂಕರಿಂಗ್, ಪೇಂಟಿಂಗ್ ಕೆಲಸ ಮಾಡುತ್ತಾರೆ. ಈಗ ದೊಡ್ಡ ಶೆಡ್ ಒಂದನ್ನು ಬಾಡಿಗೆಗೆ ಹಿಡಿದಿದ್ದಾರೆ. ಒಂದು ಮೂಲೆಯಲ್ಲಿ ಡೀಸೆಲ್ ಬರ್ನರ್ ಇರುವ ಪೇಂಟ್ ಬೂತ್. ಬಣ್ಣ ಒಣಗಲು ಒಳಗೆ 60 ಡಿಗ್ರಿವರೆಗೆ ಬಿಸಿ ಮಾಡುತ್ತಾರೆ. ಉಳಿದ ಜಾಗದಲ್ಲಿ ರಾತ್ರಿ ಹತ್ತು ಹನ್ನೆರಡು ಕಾರು ನಿಂತಿರುತ್ತವೆ, ಟ್ಯಾಂಕ್‌ನಲ್ಲಿ ಪೆಟ್ರೋಲ್ ಸಮೇತ. ಹಿಂದಿನ ರೂಮಿನಲ್ಲಿ ಇಬ್ಬರು ಹುಡುಗರು ಮಲಗುತ್ತಿದ್ದರು. ಹಟ ಮಾಡಿ ಮೊದಲು ಅವರನ್ನು ಬೇರೆ ಕಡೆಗೆ ಕಳಿಸಿದ್ದೇನೆ.

ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಡುತ್ತದೆ. ಬರ್ನರ್ ಕೂಡ ನೆಲದ ಮೇಲೇ ಇದೆ! ಅದನ್ನು ಶೆಡ್‌ನ ಹೊರಗೆ ಇಟ್ಟು, ಬಿಸಿ ಗಾಳಿಯನ್ನು ಮಾತ್ರ ಡಕ್ಟ್‌ನಲ್ಲಿ ತರಬೇಕು ಅಂತ ನನ್ನ ಯೋಚನೆ. ಹೀಗೆ ಮಾಡಿಸಿದವರು ಇದ್ದೀರಾ?

ಇನ್ನೊಂದು ಗೊಂದಲ ಸ್ಪ್ರಿಂಕ್ಲರ್‌ದು, ಅಂದರೆ ಬಿಸಿಗೆ ಗಾಜಿನ ಬಲ್ಬ್ ಒಡೆದು ತಾನಾಗಿ ನೀರು ಸುರಿಸುವ ನಳಿಕೆಯದು. ಕೊಟೇಶನ್ ಕೊಟ್ಟವರು ಎಲ್ಲ ಕಡೆ 68 ಡಿಗ್ರಿಯ ಕೆಂಪು ಬಲ್ಬ್ ಬರೆದಿದ್ದಾರೆ. ಆದರೆ ಬಲ್ಬ್ ಒಡೆಯುವ ಡಿಗ್ರಿ, ಆ ಜಾಗದ ಅತಿ ಹೆಚ್ಚಿನ ಬಿಸಿಗಿಂತ ಸುಮಾರು 30 ಡಿಗ್ರಿ ಜಾಸ್ತಿ ಇರಬೇಕು. ಹಾಗಾದರೆ ಬೂತ್ ಒಳಗೆ 93 ಡಿಗ್ರಿಯ ಹಸಿರು ಬಲ್ಬೇ ಸರಿ ಅಲ್ವಾ? ಕೆಂಪು ಹಾಕಿದರೆ ಬೆಂಕಿ ಇಲ್ಲದೆಯೂ ಒಡೆದು ಸುಮ್ನೆ ನೀರು ಸುರಿಯಬಹುದು. ಕಾರು ನಿಲ್ಲುವ ಕಡೆ ಕೆಂಪೇ ಇರಲಿ.

ಬೂತ್‌ಗೂ ಕಾರುಗಳಿಗೂ ನಡುವೆ ಇಟ್ಟಿಗೆ ಗೋಡೆ ಕಟ್ಟಿಸಿ ಫೈರ್ ಡೋರ್ ಹಾಕಿಸುತ್ತೇವೆ. ಥಿನ್ನರ್ ಡಬ್ಬಗಳಿಗೆ ಹೊರಗೆ ಬೇರೆ ಕೋಣೆ.

ಇಂಥ ಶೆಡ್‌ಗೆ ಅಗ್ನಿಶಾಮಕ ಇಲಾಖೆಯ ಎನ್‌ಓಸಿ ಮಾಡಿಸಿದವರು ದಯವಿಟ್ಟು ತಿಳಿಸಿ. ಖುದ್ದಾಗಿ ಜಾಗ ನೋಡಿ ಡ್ರಾಯಿಂಗ್ ಮಾಡಿಕೊಡುವ ಫೈರ್ ಕನ್ಸಲ್ಟೆಂಟ್ ಗೊತ್ತಿದ್ದರೆ ಮೆಸೇಜ್ ಮಾಡಿ. ಈ ವಾರವೇ ಕೆಲಸ ಶುರು ಮಾಡಬೇಕು.