ಗೋಲ್ಡ್‌ಫಿಶ್ ಬೆನ್ನ ಮೇಲೆ ಗಂಟು: ಆಪರೇಷನ್ ಮಾಡಿಸಬಹುದಾ?

ಪ್ರಶ್ನೆ: ಡಾಕ್ಟರೇ, ನಮ್ಮ ಗೋಲ್ಡ್‌ಫಿಶ್‌ಗೆ ಆರು ವರ್ಷ. ಬೆನ್ನಿನ ರೆಕ್ಕೆ ಪಕ್ಕ ಕಡಲೆಕಾಳಿನಷ್ಟು ಗಂಟು ಎದ್ದಿದೆ. ಎರಡು ತಿಂಗಳಿಂದ ದೊಡ್ಡದಾಗುತ್ತಲೇ ಇದೆ. ಆಹಾರ ಚೆನ್ನಾಗಿ ತಿನ್ನುತ್ತದೆ. ಮೀನಿಗೂ ಆಪರೇಷನ್ ಮಾಡುತ್ತಾರಾ? ನೀರಿನಿಂದ ಹೊರಗಿಟ್ಟರೆ ಉಸಿರಾಡುವುದು ಹೇಗೆ?

ಉತ್ತರ: ಖಂಡಿತ ಮಾಡುತ್ತೇವೆ. 2014ರಲ್ಲಿ ಮೆಲ್ಬರ್ನ್‌ನಲ್ಲಿ ಜಾರ್ಜ್ ಎಂಬ ಗೋಲ್ಡ್‌ಫಿಶ್‌ನ ತಲೆಯ ಗೆಡ್ಡೆ ತೆಗೆದಿದ್ದು ದೊಡ್ಡ ಸುದ್ದಿಯಾಗಿತ್ತು.

ಉಸಿರಾಟಕ್ಕೆ ನೀರನ್ನೇ ಮೀನಿನ ಬಳಿಗೆ ತರುತ್ತೇವೆ. ಮೊದಲು ಟ್ರೈಕೇನ್ ಎಂಬ ಮತ್ತು ಬರಿಸುವ ಪುಡಿ ಕಲಸಿದ ನೀರಿನಲ್ಲಿ ಮೀನನ್ನು ಬಿಡುತ್ತೇವೆ. ಈ ಪುಡಿಯಿಂದ ನೀರು ಹುಳಿಯಾಗುತ್ತದೆ, ಅದಕ್ಕೇ ಅಡುಗೆ ಸೋಡಾ ಬೆರೆಸಬೇಕು. ಸ್ವಲ್ಪ ಹೊತ್ತಿಗೆ ಮೀನು ಸಮತೋಲ ತಪ್ಪಿ ಮಗ್ಗುಲಾಗುತ್ತದೆ. ಬಾಲದ ಬುಡ ಚಿವುಟಿದರೂ ಅಲುಗಾಡದಿದ್ದರೆ ಒದ್ದೆ ಸ್ಪಂಜಿನ ಮೇಲೆ ಮಲಗಿಸಿ, ಬಾಯಿಗೆ ಸಣ್ಣ ಟ್ಯೂಬ್ ಇಡುತ್ತೇವೆ. ಔಷಧದ ನೀರು ಬಾಯಿಂದ ಒಳಹೋಗಿ ಕಿವಿರಿನಿಂದ ಹೊರಬರುತ್ತಲೇ ಇರುತ್ತದೆ. ಕಿವಿರಿನ ಮುಚ್ಚಳ ಆಡುವುದು ನಿಂತರೆ ತಕ್ಷಣ ಔಷಧವಿಲ್ಲದ ನೀರು ಹರಿಸುತ್ತೇವೆ. ಹೃದಯದ ಬಡಿತವನ್ನು ಡಾಪ್ಲರ್ ಎಂಬ ಯಂತ್ರದಲ್ಲಿ ಕೇಳುತ್ತಿರುತ್ತೇವೆ. ಮೈ ಒಣಗಲು ಬಿಡುವಂತೆಯೇ ಇಲ್ಲ. ಮೈ ಮೇಲಿನ ಲೋಳೆಯೇ ಮೀನಿನ ರಕ್ಷಾಕವಚ, ಅದನ್ನು ಉಜ್ಜಿ ತೊಳೆಯಬಾರದು.

ಆದರೆ ಎಲ್ಲ ಗಂಟಿಗೂ ಕತ್ತಿ ಬೇಡ. ಮೇಣದ ಹನಿಯಂತೆ ನುಣ್ಣಗಿದ್ದು, ಚಳಿಯಲ್ಲಿ ಬಂದು ಬಿಸಿಲಿಗೆ ಇಳಿದರೆ ಅದು ಕಾರ್ಪ್ ಪಾಕ್ಸ್ ಎಂಬ ವೈರಸ್ ರೋಗ ಇರಬಹುದು. ನಿಮ್ಮದು ಬೆಳೆಯುತ್ತಲೇ ಇದೆ, ಹಾಗಾಗಿ ಬೇಗ ತೋರಿಸಿ.

ಇನ್ನೊಬ್ಬ ಸದಸ್ಯರು: ಲವಂಗದ ಎಣ್ಣೆ ಹಾಕಿ ಮನೆಯಲ್ಲೇ ತೆಗೆಯುವ ವಿಡಿಯೋ ನೋಡಿದೆ. ಆಗುತ್ತದಾ?

ಉತ್ತರ: ದಯವಿಟ್ಟು ಬೇಡ. ಲವಂಗದ ಎಣ್ಣೆಯಿಂದ ಮೀನಿಗೆ ಮತ್ತು ಬರುತ್ತದೆ, ನಿಜ. ಆದರೆ ಪ್ರಮಾಣ ಒಂಚೂರು ಜಾಸ್ತಿಯಾದರೂ ಅದು ಮತ್ತೆ ಏಳುವುದಿಲ್ಲ. ಬಾಟಲಿಯಿಂದ ಬಾಟಲಿಗೆ ಎಣ್ಣೆಯ ತೀವ್ರತೆಯೂ ಬೇರೆ. 50 ಗ್ರಾಂ ಮೀನಿನ ಮೈಯಲ್ಲಿ ರಕ್ತ ಇರುವುದೇ ಸುಮಾರು 2 ಮಿಲಿ. ಬ್ಲೇಡ್ ಸ್ವಲ್ಪ ಆಳಕ್ಕೆ ಹೋದರೆ ಏನಾಗುತ್ತದೆ ಯೋಚಿಸಿ. ಇಂಥ ಮೀನುಗಳನ್ನು ಕೊನೆ ಗಳಿಗೆಯಲ್ಲಿ ನನ್ನ ಬಳಿ ತಂದಿದ್ದಾರೆ. ಆಗ ಮಾಡಲು ಏನೂ ಉಳಿದಿರುವುದಿಲ್ಲ, ತುಂಬಾ ಸಂಕಟವಾಗುತ್ತದೆ.

ಪ್ರಶ್ನೆ ಕೇಳಿದವರು: ತೋರಿಸುತ್ತೇನೆ ಡಾಕ್ಟರೇ. ನಾನೇನು ತಯಾರಿ ಮಾಡಿಕೊಳ್ಳಲಿ?

ಉತ್ತರ: ಆಪರೇಷನ್‌ಗೆ ಹಿಂದಿನ ದಿನ ಆಹಾರ ಬೇಡ. ನಿಮ್ಮ ತೊಟ್ಟಿಯ ನೀರನ್ನೇ ಒಂದು ಡಬ್ಬಿಯಲ್ಲಿ ಜಾಸ್ತಿ ತನ್ನಿ, ಎಚ್ಚರವಾಗಲು ಅದೇ ಒಳ್ಳೆಯದು. ಆಮೇಲೆ ಬೇರೆ ತೊಟ್ಟಿಯಲ್ಲಿಡಿ, ಇಲ್ಲದಿದ್ದರೆ ಉಳಿದ ಮೀನುಗಳು ಗಾಯ ಕುಕ್ಕುತ್ತವೆ. ಗಾಯದ ಮೂಲಕ ಸಿಹಿನೀರು ಮೈಯೊಳಗೆ ನುಗ್ಗುತ್ತದೆ, ಮೈಯ ಉಪ್ಪು ಹೊರಗೆ ಹೋಗುತ್ತದೆ. ಅದಕ್ಕೆ ಲೀಟರಿಗೆ 1ರಿಂದ 3 ಗ್ರಾಂ ಉಪ್ಪು ಹಾಕಿಸುತ್ತೇವೆ. ನೀರಿನಲ್ಲಿ ಅಮೋನಿಯಾ, ನೈಟ್ರೈಟ್ (ಮೀನಿನ ತ್ಯಾಜ್ಯದಿಂದ ಹುಟ್ಟುವ ವಿಷಗಳು) ಸೊನ್ನೆ ಇರಲೇಬೇಕು. ನಾನು ಎಷ್ಟೇ ಚೆನ್ನಾಗಿ ಹೊಲಿದರೂ ಕೆಟ್ಟ ನೀರಿನಲ್ಲಿ ಗಾಯ ಕೂಡುವುದಿಲ್ಲ. ಹೊಲಿಗೆ ಬಿಚ್ಚಲು ಎರಡರಿಂದ ನಾಲ್ಕು ವಾರ ಬೇಕು. ನೀರು ತಣ್ಣಗಿದ್ದರೆ ಇನ್ನೂ ತಡವಾಗುತ್ತದೆ.

ಬರುವ ಮೊದಲು ನೀರು ಪರೀಕ್ಷೆ ಮಾಡಿ, ಅಂಕಿಗಳನ್ನು ಬರೆದು ತನ್ನಿ. ಗಂಟಿನ ಒಂದು ಫೋಟೋ ಇಲ್ಲೇ ಹಾಕಿ, ಇವತ್ತೇ ನೋಡುತ್ತೇನೆ.