ಸ್ಟಡಿಗೆ ಸಹಿ ಹಾಕಿ ಅಂದರೆ ಹಾಕಬೇಕಾ? ರಿಸರ್ಚ್ ನರ್ಸ್ ಜೊತೆ ಪ್ರಶ್ನೋತ್ತರ

ನಮಸ್ಕಾರ. ಅಡ್ಮಿನ್ ಕೇಳಿದ್ದಕ್ಕೆ ಈ ಭಾನುವಾರ ಮಧ್ಯಾಹ್ನ ಇಲ್ಲಿ ಕೂತಿದ್ದೇನೆ. ಹನ್ನೊಂದು ವರ್ಷ ಐಸಿಯು ನರ್ಸ್ ಆಗಿದ್ದೆ. ಈಗ ಆರು ವರ್ಷದಿಂದ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಸ್ಟಡಿ ಕೋಆರ್ಡಿನೇಟರ್. ಆಪರೇಷನ್ ಆದವರಿಗೆ, ಐಸಿಯುನಿಂದ ಹೊರಗೆ ಬಂದವರಿಗೆ ಆಮೇಲೆ ಏನಾಯಿತು ಅಂತ ಲೆಕ್ಕ ಇಡುವುದು ನನ್ನ ಕೆಲಸ. ನಾನು ಡಾಕ್ಟರ್ ಅಲ್ಲ. ಸ್ಕ್ಯಾನ್ ಫೋಟೊ ಹಾಕಿ "ಏನಿದೆ ನೋಡಿ" ಅನ್ನಬೇಡಿ. ಮಿಕ್ಕಿದ್ದು ಕೇಳಿ.

ಪ್ರಶ್ನೆ (ವಿಜಯನಗರದಿಂದ): ಮೇಡಂ, ನಮ್ಮ ಮಾವನವರಿಗೆ ಬರುವ ವಾರ ಮಂಡಿ ಆಪರೇಷನ್. ಮೊನ್ನೆ ಚೆಕಪ್‌ಗೆ ಹೋದಾಗ ಒಬ್ಬ ಹುಡುಗಿ ಬಂದು "ಇವರನ್ನ ಒಂದು ಸ್ಟಡಿಗೆ ಸೇರಿಸಿಕೊಳ್ಳುತ್ತೇವೆ, ಸಹಿ ಹಾಕಿ" ಅಂದಳು. ಏಳು ಪುಟ, ಎಲ್ಲಾ ಇಂಗ್ಲಿಷ್. ನಮ್ಮತ್ತೆ "ಮುದುಕರು ಸಿಕ್ಕಿದರು ಅಂತ ಔಷಧಿ ಪರೀಕ್ಷೆ ಮಾಡುತ್ತಾರೆ" ಅಂತ ಮನೆಯಲ್ಲಿ ಒಂದೇ ಗಲಾಟೆ. ಸಹಿ ಹಾಕದಿದ್ದರೆ ಸರಿಯಾಗಿ ನೋಡಿಕೊಳ್ಳಲ್ವೇನೋ ಅಂತ ನನಗೆ ಭಯ.

ಉತ್ತರ: ಮೊದಲು ಆ ಭಯ ಬಿಡಿ. ಸೇರದಿದ್ದರೆ ಚಿಕಿತ್ಸೆಯಲ್ಲಿ ಒಂದು ಚೂರೂ ವ್ಯತ್ಯಾಸ ಮಾಡುವ ಹಾಗಿಲ್ಲ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೊರಡಿಸಿದ 2017ರ ನೀತಿ ಮಾರ್ಗಸೂಚಿಯಲ್ಲಿ ಇದಿದೆ, ಹೊಸ ಔಷಧಗಳ ಟ್ರಯಲ್‌ಗೆ ಅನ್ವಯಿಸುವ 2019ರ ನಿಯಮಗಳಲ್ಲೂ ಇದೆ. ಸೇರಿದ ಮೇಲೂ ಯಾವ ದಿನ ಬೇಕಾದರೂ ಹೊರಗೆ ಬರಬಹುದು, ಕಾರಣ ಹೇಳಬೇಕಿಲ್ಲ.

ಏಳು ಪುಟ ಇಂಗ್ಲಿಷ್‌ಗೆ ಸಹಿ ಹಾಕಬೇಡಿ. ಕನ್ನಡದ ಪ್ರತಿ ಕೇಳಿ. ಬೆಂಗಳೂರಿನಲ್ಲಿ ನಡೆಯುವ ಸ್ಟಡಿಗೆ ಕನ್ನಡ ಫಾರಂ ಇದ್ದೇ ಇರುತ್ತದೆ, ಸಾಮಾನ್ಯವಾಗಿ ಹಿಂದಿ, ತಮಿಳು, ತೆಲುಗು ಸಹ. ಪಾಪ, ಆ ಹುಡುಗಿಯ ಕೈಯಲ್ಲಿ ಅವತ್ತು ಇಂಗ್ಲಿಷ್ ಕಟ್ಟು ಇತ್ತೇನೋ. ಮಾವನವರಿಗೆ ಓದಲು ಬಾರದಿದ್ದರೆ, ಸ್ಟಡಿಗೆ ಸಂಬಂಧವಿಲ್ಲದ ಒಬ್ಬ ಸಾಕ್ಷಿಯ ಎದುರಿಗೆ ಪೂರ್ತಿ ಓದಿ ಹೇಳಬೇಕು. ಒಂದು ಪ್ರತಿ ನಿಮ್ಮ ಕೈಗೆ ಕೊಡಬೇಕು. ಇನ್ನೊಂದು ಮಾತು: ಮಾವನವರು ತಿಳಿವಳಿಕೆಯಲ್ಲಿದ್ದರೆ ಸಹಿ ಅವರದ್ದು, ನಿಮ್ಮದಲ್ಲ, ನಿಮ್ಮತ್ತೆಯದ್ದೂ ಅಲ್ಲ.

ಆಮೇಲೆ ಆ ಹುಡುಗಿಯನ್ನು ಒಂದೇ ಪ್ರಶ್ನೆ ಕೇಳಿ: "ಇವರು ಸೇರಿದರೆ ಇವರಿಗೆ ಏನು ಬೇರೆ ಆಗುತ್ತದೆ?" ಆಸ್ಪತ್ರೆಗಳಲ್ಲಿ ನಡೆಯುವ ಎಷ್ಟೋ ಸ್ಟಡಿಗಳಲ್ಲಿ ಹೊಸ ಔಷಧಿ ಅಂತ ಏನೂ ಇರುವುದಿಲ್ಲ. ಮಾಮೂಲಿ ಚಿಕಿತ್ಸೆಯೇ ನಡೆಯುತ್ತದೆ, ನಾವು ಸುಮ್ನೆ ಪಕ್ಕದಲ್ಲಿ ನಿಂತು ಬರೆದುಕೊಳ್ಳುತ್ತೇವೆ. ಎಷ್ಟನೇ ದಿನ ಎದ್ದು ನಡೆದರು, ಹೊಲಿಗೆಯಲ್ಲಿ ಕೀವು ಬಂತಾ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತಾ, ಇಷ್ಟೇ. "ಎರಡು ಗುಂಪು ಮಾಡುತ್ತೇವೆ, ಯಾರು ಯಾವ ಗುಂಪಿಗೆ ಅಂತ ಲಾಟರಿ ಥರ ನಿರ್ಧಾರ ಆಗುತ್ತದೆ" ಅಂದರೆ ಅದು ಟ್ರಯಲ್. ಅದರಲ್ಲೂ ಕೆಟ್ಟದ್ದೇನಿಲ್ಲ. ಆದರೆ ಅಲ್ಲಿ ಇನ್ನೂ ನಾಲ್ಕು ಪ್ರಶ್ನೆ ಜಾಸ್ತಿ ಕೇಳಬೇಕು. ಮುಖ್ಯವಾಗಿ ತೊಂದರೆಯಾದರೆ ಖರ್ಚು ಯಾರದು ಅಂತ. ಔಷಧಿ ಟ್ರಯಲ್‌ನಲ್ಲಿ ತೊಂದರೆಯಾದರೆ ಉಚಿತ ಚಿಕಿತ್ಸೆ, ಆ ತೊಂದರೆ ಟ್ರಯಲ್‌ನಿಂದಲೇ ಆದದ್ದಾದರೆ ಪರಿಹಾರ ಕೊಡಬೇಕು ಅಂತ ನಿಯಮ ಇದೆ.

ಫಾರಂನಲ್ಲಿ ಎಥಿಕ್ಸ್ ಕಮಿಟಿಯ, ಅಂದರೆ ಸ್ಟಡಿಯಲ್ಲಿ ರೋಗಿಗಳಿಗೆ ಅನ್ಯಾಯ ಆಗದಂತೆ ನೋಡಿಕೊಳ್ಳುವ ಸಮಿತಿಯ, ಫೋನ್ ನಂಬರ್ ಇರುತ್ತದೆ. ಯಾರೂ ಫೋನ್ ಮಾಡುವುದಿಲ್ಲ. ಮಾಡಿ. ಟ್ರಯಲ್ ಆದರೆ "ಸಿಟಿಆರ್‌ಐ" ಅಂತ ಶುರುವಾಗುವ ನಂಬರ್ ಕೇಳಿ. ಅದು ನಮ್ಮ ದೇಶದ ಟ್ರಯಲ್‌ಗಳ ಸರ್ಕಾರಿ ಪಟ್ಟಿ. 2007ರಲ್ಲಿ ಶುರುವಾಯಿತು, 2009ರ ಜೂನ್ 15ರಿಂದ ಔಷಧಿ ಟ್ರಯಲ್‌ಗಳು ಅದರಲ್ಲಿ ನೋಂದಣಿಯಾಗುವುದು ಕಡ್ಡಾಯ. ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಹುಡುಕಿ ನೋಡಬಹುದು.

ಆಪರೇಷನ್‌ಗೆ ಇನ್ನೂ ವಾರ ಇದೆಯಲ್ಲ, ಮನೆಯಲ್ಲಿ ಕೂತು ಓದಿ. ಹಿಂದಿನ ರಾತ್ರಿ, ಹೊಟ್ಟೆ ಖಾಲಿ ಇಟ್ಟುಕೊಂಡು ಹೆದರಿ ಕೂತವರ ಹತ್ತಿರ ಸಹಿ ತೆಗೆದುಕೊಳ್ಳುವುದು ನನಗೆ ಯಾವತ್ತೂ ಸರಿ ಅನ್ನಿಸಿಲ್ಲ.

ಪ್ರಶ್ನೆ (ಬಸವನಗುಡಿಯಿಂದ, ನಿವೃತ್ತ ಮೇಷ್ಟ್ರು): ಹೊಸ ಔಷಧಿಗೆ ಸಂಶೋಧನೆ ಬೇಕು, ಒಪ್ಪಿದೆ. "ರೋಗಿಯ ಸುರಕ್ಷತೆ" ಅನ್ನುವುದಕ್ಕೆ ಎಂಥ ಸಂಶೋಧನೆ ಅಮ್ಮಾ? ಕೈ ತೊಳೆಯಿರಿ, ಹುಷಾರಾಗಿರಿ. ಮುಗಿಯಿತಲ್ಲ?

ಉತ್ತರ: ಸಾರ್, ಸೂತ್ರ ಬಾಯಿಪಾಠ ಬರುವ ಹುಡುಗ ಪರೀಕ್ಷೆಯಲ್ಲಿ ಲೆಕ್ಕ ಯಾಕೆ ತಪ್ಪು ಮಾಡುತ್ತಾನೆ ಅಂತ ನೀವೇ ಎಷ್ಟು ವರ್ಷ ತಲೆ ಕೆಡಿಸಿಕೊಂಡಿದ್ದೀರೋ! ನಮ್ಮದೂ ಅದೇ ಪಾಡು.

ಐಸಿಯುನಲ್ಲಿ ಸೆಂಟ್ರಲ್ ಲೈನ್ ಅಂತ ಹಾಕುತ್ತಾರೆ, ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಒಂದು ಕೊಳವೆ. ಅದರ ಮೂಲಕ ರೋಗಾಣು ಹೋದರೆ ನೇರ ರಕ್ತಕ್ಕೆ. ಅಮೆರಿಕದ ಮಿಶಿಗನ್‌ನಲ್ಲಿ ಸುಮಾರು ನೂರು ಐಸಿಯುಗಳು ಸೇರಿ ಐದೇ ಕೆಲಸ ಬಿಡದೆ ಮಾಡಿದವು. ಕೈ ತೊಳೆಯುವುದು, ಚರ್ಮಕ್ಕೆ ರೋಗಾಣು ಕೊಲ್ಲುವ ಕ್ಲೋರ್‌ಹೆಕ್ಸಿಡಿನ್ ಹಚ್ಚುವುದು, ಗೌನು-ಗ್ಲೌಸು-ಮಾಸ್ಕು ಹಾಕಿ ರೋಗಿಗೂ ಪೂರ್ತಿ ಹೊದಿಸುವುದು, ತೊಡೆಸಂದಿಯಲ್ಲಿ ಆದಷ್ಟು ಹಾಕದಿರುವುದು, ಬೇಡವಾದ ದಿನವೇ ತೆಗೆಯುವುದು. ಇದರಲ್ಲಿ ಹೊಸದು ಯಾವುದು? ಒಂದೂ ಇಲ್ಲ. 2006ರಲ್ಲಿ ಫಲಿತಾಂಶ ಬಂತು. ಒಂದು ಲೈನ್ ಒಂದು ದಿನ ಇದ್ದರೆ ಒಂದು ಲೈನ್-ದಿನ. ಅಂಥ ಸಾವಿರ ದಿನಕ್ಕೆ 2.7 ಇದ್ದ ಸೋಂಕಿನ ಮಧ್ಯಾಂಕ (ಐಸಿಯುಗಳನ್ನು ಸೋಂಕಿನ ಲೆಕ್ಕದಲ್ಲಿ ಸಾಲಾಗಿ ನಿಲ್ಲಿಸಿದರೆ ನಟ್ಟನಡುವಿನದರ ಸಂಖ್ಯೆ) ಸೊನ್ನೆಗೆ ಇಳಿದಿತ್ತು.

ಅಲ್ಲಿ ಒಂದು ಮಾತು ನನಗೆ ತುಂಬಾ ಇಷ್ಟ. ಡಾಕ್ಟರ್ ಒಂದು ಹೆಜ್ಜೆ ಬಿಟ್ಟರೆ ನಿಲ್ಲಿಸುವ ಅಧಿಕಾರ ನರ್ಸ್‌ಗೆ ಕೊಟ್ಟಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದಾಗ ಒಬ್ಬ ಸೀನಿಯರ್ ಡಾಕ್ಟರಿಗೆ "ಸಾರ್, ಗೌನು" ಅನ್ನುವುದಕ್ಕೆ ನಾನು ಮೂರು ಸಲ ಬಾಯಿ ತೆರೆದು ಮುಚ್ಚಿದ್ದೆ. ನಾಲ್ಕನೇ ಸಲಕ್ಕೆ ಲೈನ್ ಹಾಕಿ ಆಗಿತ್ತು.

ಹಾಗಂತ ಮಾಡಬೇಕಾದ್ದರ ಪಟ್ಟಿ ಬರೆದು ಗೋಡೆಗೆ ಅಂಟಿಸಿದರೆ ಎಲ್ಲಾ ಸರಿಹೋಗುತ್ತದೆ ಅಂತಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಆಪರೇಷನ್ ಚೆಕ್‌ಲಿಸ್ಟ್‌ನಲ್ಲಿ 19 ಅಂಶ ಇವೆ. ಹೆಸರು, ಯಾವ ಕಾಲು, ಅಲರ್ಜಿ, ಹತ್ತಿ-ಬಟ್ಟೆ-ಸೂಜಿಯ ಎಣಿಕೆ, ಹೀಗೆ. ದೆಹಲಿಯೂ ಸೇರಿ ಎಂಟು ನಗರಗಳಲ್ಲಿ ಅದನ್ನು ಬಳಸಿ ನೋಡಿದರು. 2009ರ ಆ ವರದಿಯಲ್ಲಿ ಸಾವು 1.5%ನಿಂದ 0.8%ಕ್ಕೆ, ತೊಡಕುಗಳು 11%ನಿಂದ 7%ಕ್ಕೆ ಇಳಿದಿದ್ದವು. ಎಲ್ಲರೂ ಕುಣಿದಾಡಿದರು. 2014ರಲ್ಲಿ ಕೆನಡಾದ ಒಂಟಾರಿಯೊದಲ್ಲಿ 101 ಆಸ್ಪತ್ರೆಗಳ ಲೆಕ್ಕ ತೆಗೆದಾಗ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಪಟ್ಟಿ ಒಂದೇ, ಫಲ ಬೇರೆ.

ಯಾಕೆ ಅಂತ ನನ್ನ ಕಣ್ಣಿಗೆ ಕಂಡದ್ದು ಹೇಳುತ್ತೇನೆ, ಆಸ್ಪತ್ರೆ ಯಾವುದು ಅಂತ ಕೇಳಬೇಡಿ. ಬೆಳಗ್ಗೆ ಏಳೂವರೆ. ಮೊದಲ ಪೇಷಂಟ್ ಇನ್ನೂ ವಾರ್ಡಿನಲ್ಲೇ ಇದ್ದಾರೆ. ಥಿಯೇಟರ್ ಹೊರಗೆ ಸ್ಟೀಲ್ ಟ್ರಾಲಿ ಮೇಲೆ ಅವತ್ತಿನ ಐದೂ ಕೇಸಿನ ಚೆಕ್‌ಲಿಸ್ಟ್, ಒಂದರ ಮೇಲೊಂದು. ಐದರಲ್ಲೂ ಕಡೆಯ ಸಾಲಿನ ಎಣಿಕೆವರೆಗೂ ಟಿಕ್ ಬಿದ್ದಿದೆ. ಪಕ್ಕದಲ್ಲಿ ಟೀ ಲೋಟ. ಬರೆದ ಹುಡುಗನನ್ನು ಕೇಳಿದರೆ "ಆಮೇಲೆ ಟೈಮ್ ಸಿಗಲ್ಲ ಸಿಸ್ಟರ್" ಅಂದ. ಸುಳ್ಳಲ್ಲ, ಅವನಿಗೆ ನಿಜವಾಗಿಯೂ ಟೈಮ್ ಇರಲಿಲ್ಲ. ಫೈಲು ನೋಡಿದರೆ ನೂರಕ್ಕೆ ನೂರು. ಫೈಲಿನಲ್ಲಿರುವುದಕ್ಕೂ ಥಿಯೇಟರಿನಲ್ಲಿ ನಡೆಯುವುದಕ್ಕೂ ಎಷ್ಟು ದೂರ ಅಂತ ಅಳೆಯುವುದೇ ನಮ್ಮ ಸಂಶೋಧನೆ, ಸಾರ್.

ಅಳೆಯುವುದು ಅಂದ ಮೇಲೆ ನಮ್ಮ ಬೆಳಗಾವಿಯ ಕಥೆ ಹೇಳದೆ ಇರಲಾರೆ. ಹೆರಿಗೆಯಾದ ಮೇಲಿನ ರಕ್ತಸ್ರಾವವನ್ನು ಕಣ್ಣಂದಾಜಿನಲ್ಲಿ ಹೇಳಿದರೆ ಸಾಮಾನ್ಯವಾಗಿ ಕಮ್ಮಿಯೇ ಹೇಳುತ್ತೇವೆ. ಸೀರೆ, ಬಟ್ಟೆ ಎಲ್ಲಾ ಹೀರಿಕೊಂಡಿರುತ್ತದಲ್ಲ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1620 ಹೆಂಗಸರ ಮೇಲೆ ನಡೆದ ಟ್ರಯಲ್‌ನಲ್ಲಿ ಬಾಣಂತಿಯ ಕೆಳಗೆ ಗೆರೆ ಗುರುತಿರುವ ಪ್ಲಾಸ್ಟಿಕ್ ಚೀಲ ಹಾಸಿ ರಕ್ತ ಅಳೆದರು. ಎಎನ್‌ಎಂ ಸಿಸ್ಟರ್‌ಗಳು (ಹಳ್ಳಿಯಲ್ಲಿ ಹೆರಿಗೆ ಮಾಡಿಸುವ ನರ್ಸ್‌ಗಳು) ಹೆರಿಗೆಯಾದ ಕೂಡಲೇ ಗರ್ಭಕೋಶ ಬಿಗಿಯಾಗಿಸಿ ರಕ್ತ ತಡೆಯುವ ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟ ಗುಂಪಿನಲ್ಲಿ ಜಾಸ್ತಿ ರಕ್ತಸ್ರಾವ ಆದದ್ದು 6.4% ಜನಕ್ಕೆ, ಕೊಡದ ಗುಂಪಿನಲ್ಲಿ 12%. ಅದು ಬಂದದ್ದು 2006ರಲ್ಲಿ. ಮುಂದೆ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾದ 80 ಆಸ್ಪತ್ರೆಗಳಲ್ಲಿ ಇಂಥದೇ ಅಳತೆ ಚೀಲ ಹಾಸಿ, ಗೆರೆ ದಾಟಿದ ತಕ್ಷಣ ಎಲ್ಲಾ ಚಿಕಿತ್ಸೆ ಒಟ್ಟಿಗೆ ಶುರುಮಾಡುವ ಪದ್ಧತಿ ಇಟ್ಟರು. 2023ರಲ್ಲಿ ಲೆಕ್ಕ ಬಂದಾಗ ಗಂಭೀರ ರಕ್ತಸ್ರಾವದಂಥ ಅಪಾಯಗಳು ಒಟ್ಟಾರೆ 60% ಕಮ್ಮಿ. ಒಂದು ಪ್ಲಾಸ್ಟಿಕ್ ಚೀಲ, ಅದರ ಮೇಲೊಂದಿಷ್ಟು ಗೆರೆ.

ಅದೇ ಮೇಷ್ಟ್ರು: ಏಳೂವರೆಗೇ ಐದು ಉತ್ತರಪತ್ರಿಕೆ ತಿದ್ದಿಟ್ಟ ಹಾಗಾಯಿತು. ಒಪ್ಪಿದೆ ಅಮ್ಮಾ.

ಪ್ರಶ್ನೆ (ಯಲಹಂಕದಿಂದ): ಬೆಂಗಳೂರಿನಲ್ಲಿ ಯಾವ ಆಸ್ಪತ್ರೆಯಲ್ಲಿ ಸಾವು ಕಮ್ಮಿ? ಒಂದು ಲಿಸ್ಟ್ ಹಾಕಿಬಿಡಿ, ಎಲ್ಲರಿಗೂ ಉಪಯೋಗ.

ಉತ್ತರ: ಹಾಕಲ್ಲ. ಹಾಕಿದರೆ ನಿಮಗೇ ಮೋಸ. ಸೀರಿಯಸ್ ಕೇಸೆಲ್ಲಾ ಬಂದು ಸೇರುವ ದೊಡ್ಡ ಆಸ್ಪತ್ರೆಯಲ್ಲಿ ಸಾವು ಜಾಸ್ತಿ ಇದ್ದೇ ಇರುತ್ತದೆ. ಅಂಥವರನ್ನು ಆಂಬುಲೆನ್ಸ್ ಹತ್ತಿಸಿ ಅಲ್ಲಿಗೆ ಕಳಿಸಿದ ನರ್ಸಿಂಗ್ ಹೋಂನಲ್ಲಿ ಕಮ್ಮಿ. ವಯಸ್ಸು, ಸಕ್ಕರೆ ಕಾಯಿಲೆ, ಬಂದಾಗಿನ ಬಿಪಿ ಎಲ್ಲಾ ತೂಗಿ ಹೋಲಿಸದೆ ಬರೀ ಸಂಖ್ಯೆ ಹಿಡಿದರೆ ಪ್ರಯೋಜನ ಇಲ್ಲ. ಭಾಗಿಸುವ ಸಂಖ್ಯೆ ತಪ್ಪಿದರೆ ಇನ್ನೂ ಕಷ್ಟ. 1863ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಪ್ರಕಟಿಸಿದ ಒಂದು ಪಟ್ಟಿಯಲ್ಲಿ ಲಂಡನ್ ಆಸ್ಪತ್ರೆಗಳ ಸಾವು ನೂರಕ್ಕೆ 90ಕ್ಕಿಂತ ಜಾಸ್ತಿ ಅಂತ ಬಂತು. ಇಡೀ ವರ್ಷದ ಸಾವನ್ನು ಒಂದೇ ದಿನ ಹಾಸಿಗೆಯಲ್ಲಿದ್ದವರ ಸಂಖ್ಯೆಯಿಂದ ಭಾಗಿಸಿದ್ದರು! ನಮ್ಮ ನರ್ಸ್‌ಗಳ ಕುಲದೇವತೆ ಅವರು, ಆದರೂ ಹೇಳಲೇಬೇಕು.

ನಮ್ಮಲ್ಲಿ ಇನ್ನೊಂದು ಇದೆ. "ಇನ್ನು ಆಸೆ ಇಲ್ಲ" ಅಂದ ಕೂಡಲೇ ಮನೆಯವರು ಸಹಿ ಹಾಕಿ ಊರಿಗೆ ಕರೆದುಕೊಂಡು ಹೋಗುತ್ತಾರೆ, ಮನೆಯಲ್ಲೇ ಪ್ರಾಣ ಹೋಗಲಿ ಅಂತ. ಆಸ್ಪತ್ರೆಯ ಪುಸ್ತಕದಲ್ಲಿ ಅದು ಸಾವಲ್ಲ, "ಡಿಸ್ಚಾರ್ಜ್". ಅದಕ್ಕೇ ನಾವು 30ನೇ ದಿನ ಮನೆಗೆ ಫೋನ್ ಮಾಡುವುದು. ನನ್ನ ಅರ್ಧ ದಿನ ಅದರಲ್ಲೇ ಹೋಗುತ್ತದೆ. "ಸಾರ್, ಆಸ್ಪತ್ರೆಯಿಂದ..." ಅನ್ನುವಷ್ಟರಲ್ಲಿ "ಲೋನ್ ಬೇಡ ಮೇಡಂ" ಅಂತ ಕಟ್.

ಪ್ರಶ್ನೆ (ಕೆಂಗೇರಿಯಿಂದ): ಅಮ್ಮ ಡಿಸ್ಚಾರ್ಜ್ ಆಗಿ ನಾಲ್ಕು ದಿನಕ್ಕೆ ಬಚ್ಚಲಲ್ಲಿ ತಲೆ ಸುತ್ತಿ ಬಿದ್ದರು. ನಾಡಿ 42. ಕೊನೆಗೆ ಗೊತ್ತಾಗಿದ್ದು ಏನಂದರೆ, ಮನೆಯಲ್ಲಿ ಮೊದಲಿಂದ ತಗೋತಿದ್ದ ಬಿಪಿ ಮಾತ್ರೆ, ಆಸ್ಪತ್ರೆಯವರು ಬರೆದುಕೊಟ್ಟ ಹೊಸ ಮಾತ್ರೆ ಎರಡೂ ಒಂದೇ, ನಾಡಿಯನ್ನೂ ನಿಧಾನ ಮಾಡುವ ಮೆಟೊಪ್ರೊಲಾಲ್. ಕಂಪನಿ ಬೇರೆ, ಹೆಸರು ಬೇರೆ. ಈಗ ಹುಷಾರಾಗಿದ್ದಾರೆ. ಆದರೆ ಇದನ್ನ ಯಾರಿಗೆ ಹೇಳೋದು?

ಉತ್ತರ: ಅಯ್ಯೋ, ಪುಣ್ಯಕ್ಕೆ ಉಳಿದರು. ಇದು ನಾವು ಪದೇ ಪದೇ ನೋಡುವ ತಪ್ಪು. ಅಡ್ಮಿಟ್ ಆದಾಗ ಒಂದು ಸಲ, ಡಿಸ್ಚಾರ್ಜ್ ಆಗುವಾಗ ಇನ್ನೊಂದು ಸಲ ಹಳೇ ಮಾತ್ರೆ-ಹೊಸ ಮಾತ್ರೆ ಪಕ್ಕಪಕ್ಕ ಇಟ್ಟು ತಾಳೆ ನೋಡಬೇಕು. ಡಿಸ್ಚಾರ್ಜ್ ದಿನ ಬಿಲ್ಲು, ಇನ್ಶೂರೆನ್ಸ್, ಗಾಡಿ ಅಂತ ಎಲ್ಲರ ಗಮನ ಬೇರೆ ಕಡೆ ಇರುತ್ತದೆ. ತಪ್ಪು ಆಗುವುದು ಅಲ್ಲೇ.

ಆಸ್ಪತ್ರೆಗೆ ಹೋಗಿ, ಡಿಸ್ಚಾರ್ಜ್ ಸಮ್ಮರಿ ಮತ್ತು ಎರಡೂ ಸ್ಟ್ರಿಪ್ ತೋರಿಸಿ, ಕ್ವಾಲಿಟಿ ವಿಭಾಗಕ್ಕೆ ಅಂತ ಬರೆದುಕೊಡಿ. ಬಾಯಲ್ಲಿ ಹೇಳಿದರೆ ಲೆಕ್ಕಕ್ಕೆ ಸೇರಲ್ಲ. ಔಷಧಿಯಿಂದಾದ ತೊಂದರೆಯನ್ನು ಕೇಂದ್ರ ಸರ್ಕಾರದ ಫಾರ್ಮಕೋವಿಜಿಲೆನ್ಸ್ ಯೋಜನೆಗೆ ನೀವೇ ತಿಳಿಸಬಹುದು, 1800-180-3024, ಉಚಿತ ಕರೆ. ಅವರು ನಿಮ್ಮ ಜಗಳ ಬಗೆಹರಿಸಲ್ಲ, ಮಾಹಿತಿ ಸೇರಿಸಿಕೊಳ್ಳುತ್ತಾರೆ ಅಷ್ಟೇ.

ಮತ್ತೆ, ಮೆಡಿಕಲ್ ಸ್ಟೋರ್‌ನವರು ಸ್ಟ್ರಿಪ್ ಕತ್ತರಿಸಿ ನಾಲ್ಕು ಮಾತ್ರೆ ಕೊಟ್ಟರೆ ಹೆಸರಿರುವ ತುಂಡು ಅವರ ಹತ್ತಿರವೇ ಉಳಿದುಬಿಡುತ್ತದೆ. ಅಮ್ಮನಿಗೆ ಪೂರ್ತಿ ಸ್ಟ್ರಿಪ್ಪೇ ತನ್ನಿ. ಬ್ರ್ಯಾಂಡ್ ಹೆಸರಲ್ಲ, ಒಳಗಿರುವ ಔಷಧದ ಹೆಸರು ಓದಿ. ಒಂದೇ ಹೆಸರು ಎರಡು ಕಡೆ ಕಂಡರೆ ನೀವಾಗೇ ನಿಲ್ಲಿಸಬೇಡಿ, ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಈ ಜಾತಿಯ ಮಾತ್ರೆ ದಿಢೀರ್ ಬಿಡುವುದೂ ಅಪಾಯ.

ವಿಜಯನಗರದವರು (ಸಂಜೆ): ಮೇಡಂ, ಕನ್ನಡ ಫಾರಂ ವಾಟ್ಸ್‌ಆಪ್‌ಗೆ ಕಳಿಸಿದರು, ಮೂರು ನಿಮಿಷಕ್ಕೆ! ಹೊಸ ಔಷಧಿ ಏನೂ ಇಲ್ಲವಂತೆ. ನೋವು ಎಷ್ಟು, ಎಷ್ಟು ಹೆಜ್ಜೆ ನಡೆದರು ಅಂತ ಬರೆದುಕೊಂಡು 30ನೇ ದಿನ, 90ನೇ ದಿನ ಫೋನ್ ಮಾಡುತ್ತಾರಂತೆ. ಮಾವ ಪೂರ್ತಿ ಓದಿ "ಹಾಕ್ತೀನಿ" ಅಂದರು. ಅತ್ತೆ ಒಪ್ಪಿದ್ದಾರೆ, ಫೋನ್ ನಂಬರ್ ಮಾತ್ರ ತಮ್ಮದು ಕೊಡಬೇಕಂತೆ. ಮಾವ ಎಲ್ಲದಕ್ಕೂ "ಚೆನ್ನಾಗಿದೀನಿ" ಅಂತ ಇಟ್ಟುಬಿಡುತ್ತಾರಂತೆ.

ಉತ್ತರ: ಅತ್ತೆ ಹೇಳಿದ್ದೇ ಸರಿ, ಅವರ ನಂಬರೇ ಕೊಡಿ. 30ನೇ ದಿನ ಹೊಸ ನಂಬರಿನಿಂದ ಫೋನ್ ಬಂದರೆ ಲೋನ್‌ನವರಲ್ಲ ಅಂತ ಮಾತ್ರ ಹೇಳಿಟ್ಟಿರಿ.