ಇಮ್ಯುನೋಥೆರಪಿ ಔಷಧದ ಮಟ್ಟವನ್ನು ಬೆರಳು ಚುಚ್ಚಿ ನೋಡಬಹುದಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ಅಮ್ಮನಿಗೆ ಶ್ವಾಸಕೋಶದ ಕ್ಯಾನ್ಸರ್. ಮೂರು ವಾರಕ್ಕೊಮ್ಮೆ ಪೆಂಬ್ರೊಲಿಜುಮಾಬ್ (ರೋಗನಿರೋಧಕ ಶಕ್ತಿಯನ್ನ ಕ್ಯಾನ್ಸರ್ ವಿರುದ್ಧ ಎಬ್ಬಿಸೋ ಇಮ್ಯುನೋಥೆರಪಿ ಔಷಧ) 200 ಮಿಲಿಗ್ರಾಂ ಡ್ರಿಪ್ ಹಾಕ್ತಾರೆ. ಅಮ್ಮನ ತೂಕ 42 ಕೆ.ಜಿ. ಅಷ್ಟೇ. ಪಕ್ಕದ ಬೆಡ್ಡಿನ 80 ಕೆ.ಜಿ.ಯವರಿಗೂ ಅದೇ ಡೋಸ್! ಶುಗರ್ ನೋಡೋ ಹಾಗೆ ಔಷಧದ ಮಟ್ಟ ಹೇಳೋ ಟೆಸ್ಟ್ ತಯಾರಾಗ್ತಿದೆ ಅಂತ ಓದಿದೆ. ಮಾಡಿಸಿ, ಮಟ್ಟ ಚೆನ್ನಾಗಿದ್ರೆ ಮುಂದಿನ ಡೋಸ್ ಮುಂದೂಡಬಹುದಾ? ದುಡ್ಡು ಹೊಂದಿಸೋದು ತುಂಬಾ ಕಷ್ಟ ಆಗಿದೆ.

ಉತ್ತರ (ಕ್ಲಿನಿಕಲ್ ಫಾರ್ಮಕಾಲಜಿಸ್ಟ್): ನಿಮ್ಮ ಅನುಮಾನಕ್ಕೆ ಆಧಾರವಿದೆ ಅಮ್ಮಾ. 2014ರಲ್ಲಿ ಅಮೆರಿಕದಲ್ಲಿ ಈ ಔಷಧಕ್ಕೆ ಒಪ್ಪಿಗೆ ಸಿಕ್ಕಾಗ ಡೋಸ್ ಇದ್ದದ್ದು ಕೆ.ಜಿ.ಗೆ 2 ಮಿಲಿಗ್ರಾಂ. ಆ ಲೆಕ್ಕದಲ್ಲಿ ನಿಮ್ಮ ತಾಯಿಗೆ 84 ಮಿಲಿಗ್ರಾಂ. ಎಲ್ಲರಿಗೂ ಒಂದೇ 200 ಬಂದದ್ದು ಆಮೇಲೆ. ಕೀನೋಟ್-010 ಪ್ರಯೋಗದಲ್ಲಿ ಶ್ವಾಸಕೋಶದ ಕ್ಯಾನ್ಸರ್ ಇದ್ದವರಿಗೆ ಕೆ.ಜಿ.ಗೆ 2ರ ಬದಲು 10 ಮಿಲಿಗ್ರಾಂ ಕೊಟ್ಟು ನೋಡಿದರು. ಐದು ಪಟ್ಟು ಔಷಧ ಹೋದರೂ ಬದುಕಿನ ಅವಧಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ.

ಆದರೂ ನೀವಾಗಿಯೇ ಮುಂದೂಡಬೇಡಿ. ಮಟ್ಟ ಅಳೆಯಬಹುದು, ಆದರೆ ಇಷ್ಟಿದ್ದರೆ ಸಾಕು ಎನ್ನುವ ಗೆರೆಯನ್ನು ಈ ಔಷಧಕ್ಕೆ ಇನ್ನೂ ಯಾರೂ ಖಚಿತವಾಗಿ ಎಳೆದಿಲ್ಲ.

ಲ್ಯಾಬ್ ಟೆಕ್ನೀಷಿಯನ್ ಒಬ್ಬರು: ಸರ್, ಸ್ಟ್ರಿಪ್‌ನಲ್ಲಿ ಇದನ್ನ ಹಿಡಿಯೋದು ಹೇಗೆ? ಔಷಧವೂ ಆ್ಯಂಟಿಬಾಡಿ, ರಕ್ತದ ತುಂಬಾ ಇರೋದೂ ಆ್ಯಂಟಿಬಾಡಿನೇ ಅಲ್ವಾ?

ಉತ್ತರ: ಕಷ್ಟ ಇರುವುದೇ ಅಲ್ಲಿ. ಒಂದು ಮಿಲಿಲೀಟರ್ ಸೀರಮ್ಮಿನಲ್ಲಿ ನಮ್ಮದೇ ಐಜಿಜಿ ಜಾತಿಯ ಆ್ಯಂಟಿಬಾಡಿ ಸುಮಾರು 10 ಮಿಲಿಗ್ರಾಂ ಇರುತ್ತದೆ, ಔಷಧ ಕೆಲವು ಹತ್ತು ಮೈಕ್ರೋಗ್ರಾಂ ಮಾತ್ರ. ಅದಕ್ಕೆ ಈ ಔಷಧ ಹೋಗಿ ಅಂಟಿಕೊಳ್ಳುವ ಪಿಡಿ-1 ಪ್ರೋಟೀನನ್ನೋ, ಆ ಔಷಧವನ್ನಷ್ಟೇ ಗುರುತಿಸುವ ಇನ್ನೊಂದು ಆ್ಯಂಟಿಬಾಡಿಯನ್ನೋ ಸ್ಟ್ರಿಪ್ ಮೇಲೆ ಕೂರಿಸಬೇಕು. ಗೆರೆ ಎಷ್ಟು ಗಾಢವಾಗಿದೆ ಎಂದು ಯಂತ್ರ ಓದುತ್ತದೆ. ಕರುಳಿನ ಉರಿಯೂತಕ್ಕೆ ಕೊಡುವ ಇನ್‌ಫ್ಲಿಕ್ಸಿಮಾಬ್‌ಗೆ ಇಂಥ ತ್ವರಿತ ಪರೀಕ್ಷೆ ಆಗಲೇ ಬಳಕೆಯಲ್ಲಿದೆ. ಪೆಂಬ್ರೊಲಿಜುಮಾಬ್‌ಗೆ ಮಾತ್ರ ಇವತ್ತಿಗೂ ಎಲೈಸಾ ಅಥವಾ ಮಾಸ್ ಸ್ಪೆಕ್ಟ್ರೊಮೆಟ್ರಿ ಎಂಬ ಲ್ಯಾಬ್ ವಿಧಾನಗಳೇ, ಅದೂ ಹೆಚ್ಚಾಗಿ ಸಂಶೋಧನೆಯ ಲ್ಯಾಬುಗಳಲ್ಲಿ.

ಮತ್ತೊಬ್ಬ ಸದಸ್ಯರು: ಮಟ್ಟ ಕಡಿಮೆ ಬಂದ್ರೆ ಡೋಸ್ ಏರಿಸಿದ್ರಾಯ್ತಲ್ಲ?

ಉತ್ತರ: ಹಾಗೆ ಅನಿಸುವುದು ಸಹಜ. ಆದರೆ ಕ್ಯಾನ್ಸರ್‌ನಿಂದ ತೀರಾ ಸೊರಗಿದ ದೇಹ ತನ್ನ ಪ್ರೋಟೀನುಗಳನ್ನು ಬೇಗ ಕರಗಿಸುತ್ತದೆ, ಔಷಧವೂ ಅದರ ಜೊತೆಗೇ ಹೋಗುತ್ತದೆ. ಅಂಥವರಲ್ಲಿ ಕಡಿಮೆ ಮಟ್ಟ ರೋಗ ಜೋರಾಗಿರುವುದರ ಗುರುತು, ಡೋಸ್ ಸಾಲದ್ದರ ಗುರುತಾಗಿರಬೇಕೆಂದಿಲ್ಲ. ಇನ್ನೊಂದು ವಿಷಯ: ಇದೇ ಜಾತಿಯ ನಿವೊಲುಮಾಬ್ ರಕ್ತದಲ್ಲಿ ಇಳಿದ ಮೇಲೂ ಟಿ ಕೋಶಗಳ (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳ) ಮೇಲೆ ಎರಡು ತಿಂಗಳಿಗೂ ಹೆಚ್ಚು ಅಂಟಿಕೊಂಡಿರುವುದು ಕಂಡಿದೆ. ಸ್ಟ್ರಿಪ್ ಅಳೆಯುವುದು ರಕ್ತದಲ್ಲಿರುವುದನ್ನು ಮಾತ್ರ.

ನನಗೆ ಈ ಪರೀಕ್ಷೆ ಬೇಕೆನಿಸುವುದು ಡೋಸ್ ಏರಿಸಲಿಕ್ಕಲ್ಲ, ಧೈರ್ಯವಾಗಿ ಇಳಿಸಲಿಕ್ಕೆ. ಮುಂಬೈನ ಟಾಟಾ ಮೆಮೋರಿಯಲ್‌ನಲ್ಲಿ ತಲೆ-ಕುತ್ತಿಗೆ ಕ್ಯಾನ್ಸರ್ ರೋಗಿಗಳಿಗೆ ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ನಿವೊಲುಮಾಬ್ ಕೊಟ್ಟರು, ಜೊತೆಗೆ ಕಡಿಮೆ ಖರ್ಚಿನ ಮೂರು ಮಾತ್ರೆ. ಒಂದು ವರ್ಷ ಬದುಕುಳಿದವರು ಮಾತ್ರೆಯಷ್ಟೇ ಪಡೆದವರಲ್ಲಿ 16.3%, ನಿವೊಲುಮಾಬ್ ಸೇರಿಸಿದವರಲ್ಲಿ 43.4%. ಅದು ಬೇರೆ ಕ್ಯಾನ್ಸರ್, ಬೇರೆ ಔಷಧ, ನಿಮ್ಮ ತಾಯಿಗೆ ಹಾಗೇ ಅನ್ವಯಿಸಲಾಗದು. ನಮ್ಮಂಥ ದೇಶದಲ್ಲಿ ಇಂಥ ಪ್ರಯೋಗಗಳು ಇನ್ನೂ ಎಷ್ಟೋ ಆಗಬೇಕು.

ಪ್ರಶ್ನೆ ಕೇಳಿದವರು: ಹಾಗಾದ್ರೆ ನಮ್ಮ ಡಾಕ್ಟರ್ ಹತ್ರ ಏನು ಕೇಳಲಿ ಸರ್?

ಉತ್ತರ: "ತೂಕದ ಮೇಲೆ ಡೋಸ್ ಹಾಕಬಹುದಾ?" ಅಂತ ನೇರವಾಗಿ ಕೇಳಿ. ಒಂದು ಬಾಟಲಿಯಲ್ಲಿ 100 ಮಿಲಿಗ್ರಾಂ ಇರುತ್ತದೆ. ಅವರು ಒಪ್ಪಿದರೆ ಎರಡರ ಬದಲು ಒಂದೇ ಸಾಕಾಗುತ್ತದೆ. ಥೈರಾಯ್ಡ್, ಲಿವರ್ ಟೆಸ್ಟ್ ಮಾತ್ರ ತಪ್ಪಿಸಬೇಡಿ. ಹೊಸದಾಗಿ ಕೆಮ್ಮು, ಏದುಸಿರು, ಬಿಡದ ಭೇದಿ ಶುರುವಾದರೆ ಮುಂದಿನ ಡೋಸಿನ ತನಕ ಕಾಯದೆ ಅವತ್ತೇ ಫೋನ್ ಮಾಡಿ.